ಪೂಜೆಯ ಬುಟ್ಟಿಯಿಂದ ಮೂರು ಹೂ

ಮಸಗುಪ್ಪಿ, ತೋಟದ ಮನೆ
೯ ಆಗಸ್ಟ್ ೧೯೩೬

ತೀರ್ಥರೂಪ ಶೆಟ್ಟೆಪ್ಪಣ್ಣನಿಗೆ ತಂಗಿ ಗಂಗವ್ವನ ಶರಣು.

ಇಲ್ಲಿ ಎಲ್ಲರೂ ಕ್ಷೇಮ. ಮಳೆ ಹದವಾಗಿದೆ. ಹುಕ್ಕೇರಿಯ ಸಾಲೆಯ ಹಿತ್ತಲಲ್ಲಿ ಮಕ್ಕಳ ಕೈಯಿಂದ ಕಾಯಿಪಲ್ಲೆ ಬೆಳೆಸುತ್ತಿದ್ದೇನೆ ಎಂದು ಯುಗಾದಿಗೆ ಬರೆದಿದ್ದೆಯಲ್ಲ. ಅದಕ್ಕೇ ನಿನ್ನನ್ನು ಒಂದು ಮಾತು ಕೇಳುತ್ತೇನೆ.

ಊರೊಳಗಿನ ಮನೆ ಬಿಟ್ಟು ನಾವು ಈ ತೋಟಕ್ಕೆ ಬಂದು ಮೂರು ವರ್ಷವಾಯಿತು. ಮೂರು ವರ್ಷವೂ ಬಾವಿಯ ದಂಡೆಗೆ ನಾನು ಕುಂಬಳ ಊರಿದ್ದೇನೆ. ಬಳ್ಳಿ ಸೊಕ್ಕಿನಿಂದ ಹಬ್ಬುತ್ತದೆ. ಹೂ ಬಿಡುತ್ತದೆ. ಹೂವಿನ ಬುಡದಲ್ಲಿ ಗೋಲಿಯಷ್ಟು ಹೀಚು ಬರುತ್ತದೆ. ನಾಲ್ಕೈದು ದಿನಕ್ಕೆ ಅದು ಹಳದಿಯಾಗಿ, ಮೆತ್ತಗಾಗಿ, ಉದುರುತ್ತದೆ. ಇಲ್ಲಿಯವರೆಗೆ ಒಂದು ಕಾಯಿಯನ್ನೂ ಒಳಗೆ ತಂದಿಲ್ಲ. ಇದೇ ಬೀಜವನ್ನು ಊರೊಳಗಿನ ಹಿತ್ತಲಲ್ಲಿ ಅತ್ತಿಯವರು ಊರುತ್ತಿದ್ದಾಗ ಬೀದಿಗೆಲ್ಲ ಹಂಚುವಷ್ಟು ಕಾಯಿ ಬರುತ್ತಿತ್ತಂತೆ.

ಅತ್ತಿ ಉದ್ದವ್ವನವರು ಬೈಯುವವರಲ್ಲ. ನಿನಗೆ ಗೊತ್ತು. ನಿನ್ನೆ ಉದುರಿದ ಹೀಚುಗಳನ್ನೆಲ್ಲ ಸೆರಗಿನಲ್ಲಿ ಆರಿಸಿ ತಂದು ಕಟ್ಟೆಯ ಮೇಲೆ ಸಾಲಾಗಿ ಇಟ್ಟರು. "ಗಂಗವ್ವಾ, ನಿನ್ನ ಕೈಯಾಗ ಹೀಚು ನಿಲ್ಲೂದಿಲ್ಲ ನೋಡವ್ವಾ" ಅಂದರು. ಸಿಟ್ಟಿನಿಂದ ಅಂದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ. ನಾನು ಈ ಮನೆಗೆ ಬಂದು ಎಂಟು ವರ್ಷ. ತೊಟ್ಟಿಲು ಇನ್ನೂ ಅಟ್ಟದ ಮೇಲೆಯೇ ಇದೆ.

ಮನೆಯವರು ಈ ತಿಂಗಳಲ್ಲಿ ಎರಡು ಸಲ ಹುಕ್ಕೇರಿಗೆ ಬಂದಿದ್ದರು. ನಿನ್ನನ್ನು ಕಂಡರೇ? ಏನಾದರೂ ಮಾತಾಯಿತೇ?

ಗಂಗವ್ವ

&nbsp;

ಹುಕ್ಕೇರಿ
೧೬ ಆಗಸ್ಟ್ ೧೯೩೬

ಚಿ. ಸೌ. ಗಂಗವ್ವನಿಗೆ ಆಶೀರ್ವಾದ.

ಕಾಗದ ತಲುಪಿತು. ಕೈಗುಣ ಎಂಬುದನ್ನು ನಾನು ನಂಬುವುದಿಲ್ಲ. ಆದರೆ ನೋಡದೆ ಬೇರೆ ಕಾರಣವನ್ನೂ ಹೇಳಲಾರೆ.

ಕುಂಬಳದ ಬಳ್ಳಿಯಲ್ಲಿ ಎರಡು ಬಗೆಯ ಹೂ ಇರುತ್ತವೆ. ಒಂದರ ಬುಡದಲ್ಲಿ ಹೀಚು ಇರುತ್ತದೆ, ಅದರ ದೇಟು ಗಿಡ್ಡ. ಇನ್ನೊಂದಕ್ಕೆ ಹೀಚು ಇರುವುದಿಲ್ಲ, ದೇಟು ತೆಳ್ಳಗೆ ಉದ್ದವಾಗಿರುತ್ತದೆ. ಮೂರು ದಿನ, ಹೊತ್ತು ಹುಟ್ಟಿದ ಕೂಡಲೇ, ಎರಡನ್ನೂ ಬೇರೆಬೇರೆಯಾಗಿ ಎಣಿಸಿ ಬರೆ. ಜೇನುಹುಳ ಬರುತ್ತವೆಯೇ, ಬಂದರೆ ಯಾವ ಹೂವಿನೊಳಗೆ ಹೋಗುತ್ತವೆ ಎಂಬುದನ್ನೂ ನೋಡು. ಅಂದಾಜಿನಿಂದ ಬರೆಯಬೇಡ. ಸಾಧ್ಯವಾದರೆ ಉದುರಿದ ಹೀಚು ಒಂದನ್ನು ಕಳಿಸು.

ಇಲ್ಲಿ ಮಳೆ ಜೋರಾಗಿದೆ. ಸಾಲೆಯ ಮಾಡು ಎರಡು ಕಡೆ ಸೋರುತ್ತದೆ. ನನ್ನ ಆರೋಗ್ಯ ಚೆನ್ನಾಗಿದೆ.

ಶೆಟ್ಟೆಪ್ಪ

&nbsp;

ಮಸಗುಪ್ಪಿ
೨೮ ಆಗಸ್ಟ್ ೧೯೩೬

ಅಣ್ಣನಿಗೆ ಶರಣು.

ನೀನು ಹೇಳಿದ ಹಾಗೆ ಮೂರು ದಿನ ನೋಡಿದೆ. ಹೀಚಿರುವ ಹೂ ಮೊದಲ ದಿನ ನಾಲ್ಕು, ಎರಡನೆಯ ದಿನ ಎರಡು, ಮೂರನೆಯ ದಿನ ಐದು. ಉದ್ದ ದೇಟಿನ ಹೂ ಒಂದೂ ಇಲ್ಲ. ಹುಳ ಬರುತ್ತವೆ, ಒಂದು ಸುತ್ತು ಹೊಡೆದು ಹೋಗುತ್ತವೆ.

ಇಲ್ಲ ಎಂದರೆ ಬಿಡುವುದೇ ಇಲ್ಲ ಎಂದಲ್ಲ. ಅತ್ತಿಯವರು ಮಬ್ಬಿನಲ್ಲಿ ಎದ್ದು, ಮೈ ತೊಳೆದು, ಲಿಂಗಪೂಜೆಗೆ ಅವನ್ನು ಕೀಳುತ್ತಾರೆ. ಊರೊಳಗಿದ್ದಾಗ ಹೂಗಾರರು ಮನೆಗೆ ಹೂ ಕೊಟ್ಟು ಹೋಗುತ್ತಿದ್ದರು. ಇಷ್ಟು ದೂರ ಯಾರು ಬರುತ್ತಾರೆ? ತೋಟದಲ್ಲಿ ಪೂಜೆಗೆ ಏರಿಸುವಂಥ ಬೇರೆ ಹೂ ಇಲ್ಲ. ಅದಕ್ಕೇ ಕುಂಬಳದ ಹೂ. ಹೀಚಿರುವ ಹೂವನ್ನು ಮಾತ್ರ ಅವರು ತಪ್ಪಿಯೂ ಮುಟ್ಟುವುದಿಲ್ಲ. "ಕಾಯಿ ಹೊರೂ ಹೂ ಕಿತ್ತರ ಬಸುರಿ ಕೈಯಾಗಿನ ತುತ್ತು ಕಸಗೊಂಡಂಗ. ಪೊಳ್ಳು ಹೂ ಲಿಂಗಯ್ಯಗ ಏರಿದರ ಅದರ ಜನ್ಮಾನೂ ಸಾರ್ಥಕ ಆಗತೈತಿ" ಅನ್ನುತ್ತಾರೆ. ಶ್ರಾವಣದಲ್ಲಿ ಅಂತೂ ಬುಟ್ಟಿ ತುಂಬ ಕೀಳುತ್ತಿದ್ದರು. ಅವರಿಗೆ ಪೂಜೆಯಲ್ಲಿ ಅಷ್ಟು ನಿಷ್ಠೆ.

ಬಳ್ಳಿಯ ಪಕ್ಕದ ಅರಿಶಿಣದ ಮಡಿಯಲ್ಲೂ ಹೂ ಬಂದಿವೆ. ಅವನ್ನು ಯಾರೂ ಕಿತ್ತಿಲ್ಲ, ಆದರೂ ಕಾಯಿ ಇಲ್ಲ. ಅದಕ್ಕೇನು ಕಾರಣ?

ಹೀಚು ಕಳಿಸಿದ್ದೇನೆ. ನನ್ನ ಪೆಟ್ಟಿಗೆಯನ್ನು ಕೋಣೆಯಿಂದ ತೆಗೆದು ಪಡಸಾಲೆಯಲ್ಲಿ ಇಟ್ಟಿದ್ದಾರೆ. ಕೋಣೆಗೆ ಸುಣ್ಣ ಹಚ್ಚುತ್ತಿದ್ದಾರೆ. ಯಾಕೆಂದು ನಿನಗೆ ಗೊತ್ತಿರಬೇಕು.

ಗಂಗವ್ವ

&nbsp;

ಹುಕ್ಕೇರಿ
೫ ಸೆಪ್ಟೆಂಬರ್ ೧೯೩೬

ಚಿ. ಸೌ. ಗಂಗವ್ವನಿಗೆ ಆಶೀರ್ವಾದ.

ಹೀಚು ದಾರಿಯಲ್ಲೇ ಕೊಳೆತಿತ್ತು. ಅಂಚೆಯವನು ಲಕೋಟೆಯನ್ನು ಎರಡು ಬೆರಳಲ್ಲಿ ಹಿಡಿದು ತಂದು, "ಮಾಸ್ತರ, ಇದರಾಗ ಏನ ಸತ್ತೈತ್ರಿ?" ಎಂದು ಕೇಳಿದ. ಪರವಾಗಿಲ್ಲ. ನಿನ್ನ ಎಣಿಕೆಯೇ ಸಾಕಾಯಿತು.

ಪೊಳ್ಳು ಹೂ ಪೊಳ್ಳಲ್ಲ, ಗಂಗವ್ವ. ಅದು ಗಂಡು ಹೂ. ಅದರ ನಡುವೆ ಇರುವ ಹಳದಿ ಹುಡಿ ಹೆಣ್ಣು ಹೂವಿನ ನಡುವಿನ ಗಂಟಿಗೆ ತಾಗಬೇಕು. ತಾಗಿದರೆ ಹೀಚು ಬಲಿಯುತ್ತದೆ, ಒಳಗೆ ಬೀಜ ಕಟ್ಟುತ್ತದೆ. ತಾಗದಿದ್ದರೆ ಉದುರುತ್ತದೆ. ಜೇನುಹುಳ ಕಾಲಿಗೆ ಹುಡಿ ಮೆತ್ತಿಕೊಂಡು ಒಂದರಿಂದ ಇನ್ನೊಂದಕ್ಕೆ ಹೋಗುವುದರಿಂದ ಈ ಕೆಲಸ ನಡೆಯುತ್ತದೆ. ಊರೊಳಗೆ ಹತ್ತು ಹಿತ್ತಲಲ್ಲಿ ಹತ್ತು ಬಳ್ಳಿ ಇದ್ದವು. ತೋಟದಲ್ಲಿ ಇರುವುದು ನಿಮ್ಮದೊಂದೇ. ಹುಳ ಬರುವ ಮುಂಚೆ ಗಂಡು ಹೂಗಳೆಲ್ಲ ಬುಟ್ಟಿ ಸೇರಿದರೆ ಬಳ್ಳಿ ಏನು ಮಾಡೀತು?

ನಾನು ಇಲ್ಲಿ ಎರಡು ಹೆಣ್ಣು ಹೂಗಳಿಗೆ ಅರಳುವ ಹಿಂದಿನ ಸಂಜೆಯೇ ಅರಿವೆ ಕಟ್ಟಿ ನೋಡಿದೆ. ಎರಡೂ ಉದುರಿದವು. ಕಟ್ಟದೆ ಬಿಟ್ಟವು ನಿಂತವು. ನೀನೂ ಪರೀಕ್ಷಿಸು. ಬೆಳಿಗ್ಗೆ ಒಂದು ಗಂಡು ಹೂವಿನ ಎಸಳು ಬಿಡಿಸಿ, ನಡುವಿನ ದಿಂಡನ್ನು ಹೆಣ್ಣು ಹೂವಿನೊಳಗೆ ಮೆಲ್ಲಗೆ ತಿಕ್ಕು. ಗುರುತಿಗೆ ದಾರ ಕಟ್ಟು.

ಅರಿಶಿಣದ ಮಾತು ಬೇರೆ. ಅದಕ್ಕೆ ಹೂ ಬರುತ್ತದೆ, ಆದರೆ ಹುಡಿ ತಾಗಿದರೂ ಕಾಯಿ ಕಟ್ಟುವುದಿಲ್ಲ. ಅದು ಬೆಳೆಯುವುದು ಗಡ್ಡೆಯ ತುಂಡಿನಿಂದ. ಕಬ್ಬನ್ನು ಕಣ್ಣಿರುವ ತುಂಡಿನಿಂದ ಹಚ್ಚುತ್ತೇವಲ್ಲ, ಹಾಗೆ. ನಿಮ್ಮ ಮಡಿಯಲ್ಲಿರುವುದೆಲ್ಲ ಯಾರೋ ಹಿರಿಯರು ಮೊದಲು ಹಾಕಿದ ಗಡ್ಡೆಯೇ, ತುಂಡು ತುಂಡಾಗಿ ಇಲ್ಲಿಯವರೆಗೆ ಬಂದಿದೆ.

ಇನ್ನೊಂದು ಮಾತು. ದುಂಡಪ್ಪನವರು ಎರಡು ಸಲವೂ ನನ್ನಲ್ಲಿಗೆ ಬಂದಿದ್ದರು. ಇಲ್ಲಿಯ ರಾವಸಾಹೇಬರ ಅಣ್ಣನ ಮಗಳನ್ನು ಎರಡನೆಯ ಸಂಬಂಧಕ್ಕೆ ನೋಡಿದ್ದಾರೆ. ನೀನೇ ಮುಂದಾಗಿ ಒಪ್ಪಿದ್ದೀ ಎಂದರು. ನೀನು ಒಪ್ಪಿದ ಮೇಲೆ ನನ್ನದೇನೂ ಅಡ್ಡಿಯಿಲ್ಲ ಎಂದೆ. ಆ ಮಾತನ್ನು ನಿನ್ನ ಮುಂದೆ ಎತ್ತಲು ನನಗೆ ಆಗಲಿಲ್ಲ. ನಿನ್ನದು ದೊಡ್ಡ ಮನಸ್ಸು.

ಶೆಟ್ಟೆಪ್ಪ

&nbsp;

ಹುಕ್ಕೇರಿ
೨ ಅಕ್ಟೋಬರ್ ೧೯೩೬

ಗಂಗವ್ವನಿಗೆ ಆಶೀರ್ವಾದ. ನಾಲ್ಕು ವಾರವಾಯಿತು, ಉತ್ತರವಿಲ್ಲ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ಯಾವುದು ತಪ್ಪು ಎಂದು ತಿಳಿಸು. ಆರೋಗ್ಯವೇ?

ಶೆಟ್ಟೆಪ್ಪ

&nbsp;

ಮಸಗುಪ್ಪಿ
೧೧ ಅಕ್ಟೋಬರ್ ೧೯೩೬

ಅಣ್ಣನಿಗೆ ಶರಣು.

ನಾನು ಒಪ್ಪಿಲ್ಲ. ನನ್ನನ್ನು ಯಾರೂ ಕೇಳಿಯೂ ಇಲ್ಲ. "ನಿಮ್ಮಣ್ಣ ಒಪ್ಪ್ಯಾನ, ಇನ್ನ ನಿಂದೇನು" ಎಂದು ಆಷಾಢದಲ್ಲೇ ನನಗೆ ಹೇಳಿದ್ದರು. ನೀನು ಒಪ್ಪಿದ್ದೀ ಎಂದ ಮೇಲೆ ನಿನ್ನನ್ನು ಏನೆಂದು ಕೇಳಲಿ? ಅದಕ್ಕೇ ಕುಂಬಳದ ಮಾತು ಬರೆದೆ. ನೀನಾಗಿಯೇ ಬಾಯಿ ಬಿಡಬಹುದೆಂದು ನೋಡಿದೆ. ನೀನು ಹೂ ಎಣಿಸಲು ಹೇಳಿದೆ. ನಾನು ಎಣಿಸಿದೆ.

ನಿನ್ನ ಕಾಗದ ಬಂದ ದಿನ ಒಲೆಗೆ ಹಾಕಬೇಕೆಂದಿದ್ದೆ. ಹಾಕಲಿಲ್ಲ. ಒಂದು ವಾರ ಬಿಟ್ಟು ಇನ್ನೊಮ್ಮೆ ಓದಿದೆ. ಇನ್ನೂ ಒಂದು ವಾರ ಬಿಟ್ಟು, ಅತ್ತಿಯವರು ಭಸ್ಮ ಹಚ್ಚಿಕೊಳ್ಳುತ್ತಿದ್ದಾಗ ಲಿಂಗಯ್ಯನ ಬುಟ್ಟಿಯಿಂದ ಮೂರು ಹೂ ಕದ್ದೆ. ನೀನು ಹೇಳಿದ ಹಾಗೆ ಮೂರು ಹೆಣ್ಣು ಹೂಗಳಿಗೆ ತಿಕ್ಕಿದೆ. ಗುರುತಿಗೆ ದಾರ ಬೇಕಿತ್ತು. ಅತ್ತಿಯವರು ಹೊಸ ಶಿವದಾರ ಕಟ್ಟಿಕೊಂಡಾಗ ಹಳೆಯದನ್ನು ಗೋಡೆಯ ಗೂಡಿನಲ್ಲಿ ಇಟ್ಟಿರುತ್ತಾರೆ. ಅದರಲ್ಲೇ ಮೂರು ತುಂಡು ಕಡಿದು ಕಟ್ಟಿದೆ. ಲಿಂಗ ಕಟ್ಟಿದ ದಾರ. ತಪ್ಪಾದರೆ ನನ್ನದು.

ಮೂರೂ ನಿಂತಿವೆ, ಅಣ್ಣ. ಈಗ ತೆಂಗಿನಕಾಯಿಯಷ್ಟು ಆಗಿವೆ. ಎಲೆ ಮುಚ್ಚಿ ಇಟ್ಟಿದ್ದೇನೆ.

ನಿನಗೆ ಹೇಳದ ಮಾತು ನನ್ನಲ್ಲೂ ಇದೆ. ಎರಡು ಸಲ ಬಸಿರು ಮೂರನೆಯ ತಿಂಗಳಿಗೆ ಇಳಿದುಹೋಯಿತು. ಮೊದಲನೆಯದು ಅವ್ವನಿಗೆ ಗೊತ್ತಿತ್ತು. ಎರಡನೆಯ ಸಲಕ್ಕೆ ಅವ್ವ ಇರಲಿಲ್ಲ. ನಿನ್ನ ಪುಸ್ತಕದಲ್ಲಿ ಇದಕ್ಕೇನಾದರೂ ಬರೆದಿದೆಯೇ? ಬಳ್ಳಿಗೆ ಆದಂತೆ ನನಗೂ ಏನಾದರೂ ತಪ್ಪಿಹೋಗುತ್ತಿದೆಯೇ? ಇದನ್ನೂ ಅಂದಾಜಿನಿಂದ ಹೇಳಬೇಡ.

ದೀಪಾವಳಿಯ ಪಾಡ್ಯ ಕಳೆದು ಐದನೆಯ ದಿನಕ್ಕೆ ರಾವಸಾಹೇಬರು ಸಕ್ಕರೆ ಹಂಚಿ ಮಾತು ಗಟ್ಟಿಮಾಡಲು ಬರುತ್ತಾರೆ.

ಗಂಗವ್ವ

&nbsp;

ಹುಕ್ಕೇರಿ
೧೫ ಅಕ್ಟೋಬರ್ ೧೯೩೬

ಗಂಗವ್ವ,

ನಿನ್ನನ್ನು ನೇರವಾಗಿ ಒಂದು ಸಲ ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಮೂರು ದಿನ ಹೂ ಎಣಿಸಲು ಹೇಳಿದವನು ತಂಗಿಯ ಒಪ್ಪಿಗೆಯನ್ನು ಇನ್ನೊಬ್ಬರ ಬಾಯಿಂದ ನಂಬಿದೆ. ಇದಕ್ಕಿಂತ ಹೆಚ್ಚು ಬರೆದರೆ ಅದು ನನ್ನ ಸಮಾಧಾನಕ್ಕೆ ಮಾತ್ರ.

ದುಂಡಪ್ಪನವರಿಗೆ ಇವತ್ತೇ ಬರೆದಿದ್ದೇನೆ: "ತಂಗಿ ಒಪ್ಪಿಲ್ಲವೆಂದು ಅವಳ ಕೈಬರಹದಲ್ಲೇ ತಿಳಿಯಿತು. ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ." ಅಷ್ಟೇ ಬರೆದೆ. ಅವರು ನಿನಗೆ ತೋರಿಸದಿದ್ದರೆ ಇದನ್ನು ಮನೆಯಲ್ಲಿ ತೋರಿಸು. ರಾವಸಾಹೇಬರ ಮನೆಗೂ ಹೋದೆ. ಅವರು ಊರಲ್ಲಿರಲಿಲ್ಲ. ಆ ಹುಡುಗಿ ಮಾಯವ್ವ ಬಾಗಿಲು ತೆಗೆದಳು. ಐದನೆಯ ಇಯತ್ತೆಯವರೆಗೆ ನನ್ನ ಹತ್ತಿರವೇ ಓದಿದವಳು. "ಮಾಸ್ತರ, ನಾ ಏಳನೇದ ಪರೀಕ್ಷಾಕ್ಕ ಕೂಡಬೇಕಂತ ಮಾಡೇನ್ರಿ, ನೀವರ ಕಾಕಾಗ ಹೇಳ್ರಿ" ಅಂದಳು. ಅವಳನ್ನೂ ಯಾರೂ ಕೇಳಿಲ್ಲ.

ಈಗ ನಿನ್ನ ಪ್ರಶ್ನೆ. ಬಳ್ಳಿಯನ್ನು ನೋಡಿ ಮನುಷ್ಯರ ವಿಷಯ ಹೇಳಬಾರದು. ನಿನಗೆ ಆದದ್ದು ಬೇರೆ, ಬಳ್ಳಿಗೆ ಆದದ್ದು ಬೇರೆ. ಕಾರಣ ನನಗೆ ಗೊತ್ತಿಲ್ಲ. ಬೆಳಗಾವಿಯಲ್ಲಿ ಒಬ್ಬ ಡಾಕ್ಟರಣಿ ಇದ್ದಾರೆ, ನಾನೇ ಕರೆದುಕೊಂಡು ಹೋಗುತ್ತೇನೆ. ಒಂದನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ. ಕಾಯಿಗೆ ಎರಡು ಹೂ ಬೇಕಾಗಿದ್ದಾಗ ಒಂದನ್ನೇ ನೋಡಿ ತೀರ್ಪು ಕೊಟ್ಟರೆ ಅದು ಪರೀಕ್ಷೆಯಲ್ಲ.

ಅಣ್ಣ

&nbsp;

ಮಸಗುಪ್ಪಿ
೨೨ ನವೆಂಬರ್ ೧೯೩೬

ಅಣ್ಣನಿಗೆ ಶರಣು.

ಕಾಗದ ತಡವಾಯಿತು. ಈ ಸಲ ತಡಕ್ಕೆ ಕಾರಣ ಸಿಟ್ಟಲ್ಲ.

ಪಾಡ್ಯದ ಬೆಳಿಗ್ಗೆ ಹಬ್ಬಕ್ಕೆ ಬಾಗಿಲ ಮುಂದೆ ಮಾಡಿಟ್ಟ ಸಗಣಿಯ ಪಾಂಡವರಿಗೆ ಮುಡಿಸಲು ಹೂ ಬೇಕೆಂದು ಅತ್ತಿಯವರು ಬಳ್ಳಿಯ ಎಲೆ ಸರಿಸಿದರು. ಕೆಳಗೆ ಮೂರು ಕುಂಬಳಕಾಯಿ. ಒಂದೊಂದೂ ಎರಡು ಕೈಯಲ್ಲಿ ಎತ್ತುವಷ್ಟು. ಅವರು ಕಾಯಿ ನೋಡಲಿಲ್ಲ, ದೇಟಿನ ದಾರ ನೋಡಿ ಅಲ್ಲೇ ಕುಳಿತರು.

"ಇದು ನನ್ನ ಶಿವದಾರ ಐತಿ."

"ಹೌದ್ರಿ ಅತ್ತಿ."

"ಯಾರ ಕಟ್ಟಿದರು?"

"ನಾನ್ರಿ."

ಎಲ್ಲ ಹೇಳಿದೆ. ಹೂ ಕದ್ದದ್ದು, ನೀನು ಬರೆದದ್ದು, ಮನೆಯವರು ನಾನು ಒಪ್ಪಿದ್ದೇನೆಂದು ನಿನಗೆ, ನೀನು ಒಪ್ಪಿದ್ದೀ ಎಂದು ನನಗೆ ಹೇಳಿದ್ದು. ಅವರು ಕೇಳಿದ್ದು ಒಂದೇ.

"ನಾ ಹೂ ಕಿತ್ತಿದ್ದಕ್ಕ ಇವು ಮೂರು ವರ್ಷ ನಿಲ್ಲಲಿಲ್ಲ ಅಂತಿ?"

ನಾನು ಎಲೆಗಳನ್ನು ಮತ್ತೆ ಕಾಯಿಯ ಮೇಲೆ ಸರಿಸತೊಡಗಿದೆ.

"ಎಲಿ ಬಿಡು. ಹೌದೋ ಅಲ್ಲೋ?"

"ಹೌದ್ರಿ."

ಮರುದಿನ ಮಬ್ಬಿನಲ್ಲೇ ಎದ್ದು ಬುಟ್ಟಿ ಇಲ್ಲದೆ ಹೋಗಿ ಬಳ್ಳಿಯ ಬದಿಗೆ ಕೂತರು. ಹೊತ್ತೇರುವವರೆಗೆ ಏಳಲಿಲ್ಲ. ಒಳಗೆ ಬಂದು, "ಹುಳ ಒಂದರಾಗಿಂದ ಎದ್ದು ಇನ್ನೊಂದರಾಗ ಹೊಕ್ಕಿತು. ಮೈಕಾಲೆಲ್ಲಾ ಹಳದಿ, ಅರಿಶಿಣಾ ಹಚ್ಚಿಕೊಂಡು ಬೀಗರ ಮನಿಗೆ ಹೊಂಟಂಗ" ಅಂದರು. ಅವತ್ತು ಪೂಜೆಗೆ ಬರೀ ಪತ್ರಿ, ವಿಭೂತಿ. ರಾವಸಾಹೇಬರು ಬರುವ ಮಾತನ್ನು ಮಾತ್ರ ಎತ್ತಲಿಲ್ಲ. ಏನು ಮಾಡುತ್ತಾರೋ ಎಂದು ನನಗೆ ನಾಲ್ಕು ದಿನ ಊಟ ಸೇರಲಿಲ್ಲ.

ಐದನೆಯ ದಿನ ರಾವಸಾಹೇಬರು ಬಂದರು, ಜೊತೆಗೆ ಇನ್ನೊಬ್ಬ ಹಿರಿಯರು. ಸಕ್ಕರೆ ಪುಡಿಕೆ, ಕೊಬ್ಬರಿ ಬಟ್ಟಲು ಜಮಖಾನೆಯ ಮೇಲೆ ಇಟ್ಟರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಅತ್ತಿಯವರು ಮಡಿಯ ಕಡೆಯಿಂದ ಬಂದರು. ಕೈಗೆಲ್ಲ ಮಣ್ಣು.

ರಾವಸಾಹೇಬರು ನಕ್ಕು, "ಏನ್ರಿ ಯಕ್ಕಾರ, ಬೀಗರು ಬಂದ ದಿನಾನೂ ಹೊಲದಾಗ?" ಅಂದರು.

ಅತ್ತಿಯವರು ಮಗನ ಕಡೆ ತಿರುಗಿದರು. "ದುಂಡಪ್ಪಾ, ಮಾಸ್ತರ ಒಪ್ಪ್ಯಾರಂತ ಆಕಿಗೆ ಹೇಳಿದಿ. ಆಕಿ ಒಪ್ಪ್ಯಾಳಂತ ಮಾಸ್ತರಗ ಹೇಳಿದಿ. ಇಬ್ಬರೂ ಖುಷೀಲೆ ಒಪ್ಪ್ಯಾರಂತ ನನಗ ಹೇಳಿದಿ. ಮೂರು ಮಂದಿಗೆ ಮೂರು ಸುಳ್ಳ. ಮಾಸ್ತರ ಬರದ ಕಾಗದಾ ಎಲ್ಲೈತಿ?"

ಇವರು ತೆಗೆದು ಮುಂದಿಟ್ಟರು. ಕಾಗದ ಅಂಗಿಯ ಕಿಸೆಯಲ್ಲೇ ಇತ್ತು. ತಿಂಗಳಿಂದ ಅಲ್ಲೇ ಇತ್ತು ಅನ್ನಿಸುತ್ತದೆ. ಮಡಿಕೆಯಲ್ಲಿ ಹರಿದಿತ್ತು.

"ಆದದ್ದ ಆತು ಬಿಡ್ರಿ," ಅಂದರು ರಾವಸಾಹೇಬರು. "ಖರೆ ಮನಿ ಬೆಳೀಬೇಕಲ್ರಿ ಯಕ್ಕಾರ. ಕಾಯಿ ಬಿಡದ ಬಳ್ಳಿ ಯಾರರ ಇಟ್ಕೋತಾರೇನು?"

ಅತ್ತಿಯವರು ಸೆರಗು ಬಿಚ್ಚಿ, ಆಗಷ್ಟೇ ಅಗೆದ ಅರಿಶಿಣದ ಗಡ್ಡೆಯನ್ನು ಸಕ್ಕರೆ ಪುಡಿಕೆಯ ಪಕ್ಕ ಇಟ್ಟರು.

"ಇದಕ್ಕ ಕಾಯಿ ಕಂಡೀರೇನ್ರಿ?"

"ಅರಿಶಿಣಕ್ಕ ಎಲ್ಲೀ ಕಾಯಿರಿ?"

"ನಲವತ್ತು ವರ್ಷ ಹಾಕೇನಿ, ನಾನೂ ಕಂಡಿಲ್ಲ. ನಮ್ಮತ್ತಿ ಕೊಟ್ಟ ಗಡ್ಡಿ ಇದು. ತುಂಡ ಮುರದು ಹಾಕಿದರ ಮಡಿ ತುಂಬತೈತಿ. ನಿಮ್ಮ ಮದಿವ್ಯಾಗ ನಿಮ್ಮ ಮೈಗೆ ಹಚ್ಚಿದ್ದೂ ಇಂಥಾದ್ದ. ಕಾಯಿ ಬಿಡಲಿಲ್ಲಂತ ಯಾರೂ ಇದನ್ನ ಹೊರಗ ಒಗದಿಲ್ಲ. ಇನ್ನ ಕಾಯಿ ಬಿಡೂ ಕುಂಬಳಾನ ನಾ ಮೂರು ವರ್ಷ ಬಂಜಿ ಮಾಡಿದೆ, ಪೂಜಿ ಬುಟ್ಟಿ ಕೈಯಾಗ ಹಿಡಕೊಂಡು. ಮ್ಯಾಲ ಈಕಿ ಕೈಗೆ ಹೆಸರ ಇಟ್ಟೆ. ಇನ್ನೊಮ್ಮಿ ತಿಳೀದ ಕೈ ಹಾಕೂದಿಲ್ಲ."

ರಾವಸಾಹೇಬರು ಪುಡಿಕೆಯ ಕಡೆ ನೋಡಿ, "ಹಂಗಾದರ ನಾವು ತಂದ ಸಕ್ರಿ?" ಅಂದರು.

"ಚಾಕ್ಕ ಹಾಕತೇನಿ. ಕುಡದ ಹೋಗ್ರಿ."

ಅವರು ಮೊದಲು ಮುಖ ಬಿಗಿದುಕೊಂಡರು, ಆಮೇಲೆ ನಗು ತಡೆಯಲಾಗಲಿಲ್ಲ. ಹೋಗುವಾಗ ಅತ್ತಿಯವರು ಮೂರರಲ್ಲಿ ಒಂದು ಕುಂಬಳಕಾಯಿಯನ್ನು ಅವರ ಗಾಡಿಯಲ್ಲಿ ಇಟ್ಟು, "ಆ ಹುಡುಗಿಗೆ ಕಡಬು ಮಾಡಿ ಹಾಕ್ರಿ. ಸಾಲಿ ಕಲೀತೇನಂದರ ಕಲಸ್ರಿ" ಅಂದರು.

ಸಂಜೆ ಮನೆಯವರು ನನ್ನ ಪೆಟ್ಟಿಗೆಯನ್ನು ಹೊತ್ತು ಕೋಣೆಯೊಳಗೆ ಇಟ್ಟರು. ಮೂರು ಸುಳ್ಳು ಯಾಕೆಂದು ನಾನು ಇನ್ನೂ ಕೇಳಿಲ್ಲ. ಕೇಳುತ್ತೇನೆ, ಇವತ್ತಲ್ಲ.

ಗಂಗವ್ವ

&nbsp;

ಮಸಗುಪ್ಪಿ
೩೧ ಜನವರಿ ೧೯೩೭

(ಅಣ್ಣ, ಇದು ಅತ್ತಿಯವರು ಹೇಳಿ ಬರೆಸಿದ್ದು. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಬೇಕೆಂದು ಆಣೆ ಹಾಕಿದ್ದಾರೆ. — ಗಂಗವ್ವ)

ಶೆಟ್ಟೆಪ್ಪ ಮಾಸ್ತರಿಗೆ ಉದ್ದವ್ವನ ಶರಣು.

ಆ ಕುಂಬಳದ ಬೀಜಾನ ಬಾವಿ ದಂಡಿಗೆ ಹೊಳ್ಳಿ ಊರೇವ್ರಿ. ನೀರ ಐತಿ, ಹೂ ಬಂದಾವು. ನಾ ಈಗ ಹೊತ್ತೇರಿದ ಮ್ಯಾಲ ಪೂಜಿ ಮಾಡತೇನಿ. ಹುಳ ತಮ್ಮ ಕೆಲಸಾ ಮುಗಿಸಿ ಹೋಗಲಿ, ಆಮ್ಯಾಲ ಕೀಳತೇನಿ. ಅಷ್ಟೊತ್ತಿಗೆ ಹೂ ಮುದುಡಿರತಾವು. ಹುಳ ಮೂಸಿದ ಹೂ, ಬಾಡಿದ ಹೂ, ಲಿಂಗಯ್ಯಗ ಏರಸ್ತಿ ಏನಂತ ಕೆಂಚವ್ವ ಕೇಳಿದಳು. ಆಕಿ ಹೊಲಾ ಬಾಜೂಕ ಐತಿ, ಎಲ್ಲಾ ಆಕಿಗೇ ಬೇಕು. ಹುಳಾನೂ ಆತನ್ದ, ಹೂನೂ ಆತನ್ದ, ನಡಬರಕ ನಿಂದೇನಂದೆ.

ನಿಮ್ಮ ತಂಗಿ ಕೈಗುಣ ಚಲೋ ಐತಿ. (ಈ ಸಾಲು ಬರೆಯಲು ಒಲ್ಲೆ ಎಂದೆ. ಕೇಳಲಿಲ್ಲ.) ಇದನ್ನ ಆಕಿ ಮುಂದ ಒಮ್ಮಿ ಅಂದೇನಿ, ನಿಮ್ಮ ಮುಂದನೂ ಅನ್ನಬೇಕಿತ್ತು, ಅಂದೆ.

ಅರಿಶಿಣಾ ಅಗಿಯೂದು ನಡದೈತಿ. ಅದನ್ನ ಕುದಿಸಿ ಒಣಗಿಸಿದ ಮ್ಯಾಲ ಬೆಳಗಾವಿಗೆ ಹೋಗೂಣು. ನೀವೂ ಬರ್ರಿ. ದುಂಡಪ್ಪ ನಾ ಯಾಕಂದ. ಕಾಯಿಗೆ ಎರಡು ಹೂ ಬೇಕಂತ ಮಾಸ್ತರ ಬರದಾರ, ಡಾಕ್ಟರಣಿ ಎರಡನ್ನೂ ನೋಡಲಿ ಅಂದೆ. ನಿನ್ನೆ ಮುಂಜಾನೆ ತಾನ ಗಾಡಿ ಗಾಲಿಗೆ ಎಣ್ಣಿ ಹಾಕಿದ. ಡಾಕ್ಟರಣಿ ಏನ ಹೇಳತಾಳೋ ಹೇಳಲಿ. ಮಕ್ಕಳಾದರ ಆತು. ಆಗಲಿಲ್ಲಂದರ ನನ್ನ ಮಗಳ ಮನ್ಯಾಗ ನಾಲ್ಕು ಅದಾವು, ಅರಿಶಿಣದಂಗ ಒಂದು ತುಂಡ ತಂದು ಹಚ್ಚೂಣು. ಗಂಗವ್ವ ಈ ಮನಿ ಬಿಟ್ಟು ಎಲ್ಲೂ ಹೋಗೂದಿಲ್ಲ. ಇದನ್ನ ದಪ್ಪ ಅಕ್ಷರದಾಗ ಬರೀ ಅಂದೇನಿ. ಬರದಾಳೋ ಇಲ್ಲೋ ನೀವ ನೋಡ್ರಿ.

ದಿನಾ ಮುಂಜಾನೆ ನಾನೂ ಒಂದೊಂದು ಹೂವಿಗೆ ತಿಕ್ಕಿ ದಾರ ಕಟ್ಟತೇನಿ. ಹುಳ ಮಾಡತಾವ, ನಿಮಗ್ಯಾಕ್ರಿ ಅಂತಾಳ ಈಕಿ. ನಾ ಮೂರು ವರ್ಷ ಕಿತ್ತೇನಲ್ರಿ, ಒಂದಿಷ್ಟರ ನನ್ನ ಕೈಲೆ ನಿಲ್ಲಲಿ.

ಬರೂವಾಗ ಹುಕ್ಕೇರಿ ಪ್ಯಾಟ್ಯಾಗಿಂದ ಒಂದು ಉಂಡಿ ಬಿಳಿ ದಾರ ತರ್ರಿ. ಗೂಡಿನ್ಯಾಗಿನ ಹಳೀ ಶಿವದಾರ ಎಲ್ಲಾ ಬಳ್ಳಿಗೆ ಮುಗದಾವು.